ಹಲ್ಲಿನ ಡಾಕ್ಟರ ಕಾರು

ಹಲ್ಲಿನ ಡಾಕ್ಟರ ಬಿಳಿ ಕಾರು ಮತ್ತೆ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತಾಗ ನನ್ನ ಮೈಯೆಲ್ಲ ಉರಿದುಹೋಯಿತು. ಐದನೇ ಸಲ! ತವರುಮನೆಗೆ ಬಂದ ಹಾಗೆ ಬರುತ್ತಾಳಲ್ಲ ಈ ಮಹಾತಾಯಿ ಎಂದುಕೊಂಡೆ.

ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರುಗಳ ರಿಪೇರಿಯಲ್ಲಿ ನಮ್ಮವರದು ಪಳಗಿದ ಕೈ. ಬಿಲ್ಲು, ಫೋನು, ಗಿರಾಕಿಗಳ ಗೊಣಗಾಟ ನನ್ನ ಪಾಲು. ಡಾಕ್ಟರ ಕಾರಿನ ಕಾಯಿಲೆ ಇಷ್ಟೇ: ಓಡುತ್ತಾ ಓಡುತ್ತಾ ಬ್ಯಾಟರಿಯ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ, ಗಾಡಿ ಸೊರಗುತ್ತದೆ. ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ನಮ್ಮಲ್ಲಿಗೆ ಬಂದಾಗ ಮಾತ್ರ ಏನೂ ಅರಿಯದ ಸಾಧುಪ್ರಾಣಿ. ಬ್ಯಾಟರಿ ಎಷ್ಟು ಬಿಸಿಯಾಗಿದೆ ಎಂದು ತಿಳಿಸುವ ಸೆನ್ಸರ್ ನಡುನಡುವೆ ಬಾಯಿ ಮುಚ್ಚಿಕೊಳ್ಳುತ್ತದಂತೆ, ಯಾಕೆಂದು ಸಿಗುತ್ತಿಲ್ಲವಂತೆ. ಸೆನ್ಸರ್ ಬದಲಾಯಿಸಿದ್ದೂ ಆಗಿತ್ತು.

ಅವಳು ಬರುವ ದಿನ ಇವರು ಇಸ್ತ್ರಿ ಅಂಗಿ ಹಾಕುತ್ತಿದ್ದರು. ಗ್ರೀಸಿನಲ್ಲಿ ಹೊರಳಾಡುವ ಮನುಷ್ಯನಿಗೆ ಇಸ್ತ್ರಿ ಅಂಗಿ! ಪರೀಕ್ಷೆಗೆಂದು ಇಬ್ಬರೂ ಕಾರಿನಲ್ಲಿ ಸುತ್ತು ಹಾಕಿ ಬರುವಾಗ ಅವಳ ನಗು ರಸ್ತೆಯ ತುದಿಯಿಂದಲೇ ಕೇಳುತ್ತಿತ್ತು. ಹಲ್ಲಿನ ಡಾಕ್ಟರ್ ಬೇರೆ, ನಗದೆ ಇರುತ್ತಾಳೆಯೇ? ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

"ಏನ್ರೀ, ಕೆಟ್ಟಿರೋದು ಕಾರಾ, ನೀವಾ?" ಎಂದು ಕೇಳಿದೆ.

"ಸುಮ್ನಿರೇ. ಬಂದು ಹೋಗೋ ತೊಂದರೆ ಹುಡುಕೋದು ಹುಡುಗಾಟ ಅಲ್ಲ."

"ಹಾಗಾದ್ರೆ ಇವತ್ತು ನಾನೂ ಬರ್ತೀನಿ."

"ಗ್ಯಾರೇಜು?"

"ಗ್ಯಾರೇಜು ಎಲ್ಲೂ ಓಡಿಹೋಗಲ್ಲ. ಓಡಿಹೋಗೋರು ಬೇರೆ ಇದ್ದಾರೆ."

ಅವಳು ಕಿಲಕಿಲ ನಕ್ಕು, "ಬನ್ನಿ ಅಕ್ಕಾ" ಎಂದಳು. ಅಕ್ಕನಂತೆ! ರೂಢಿಯಾದವಳ ಹಾಗೆ ಇವರ ಪಕ್ಕದ ಸೀಟಿನಲ್ಲಿ ಕೂತಳು. ನಾನು ಹಿಂದಿನ ಬಾಗಿಲು ತೆಗೆದು ಎಡಗಡೆ ದೊಪ್ಪೆಂದು ಕೂತೆ.

"ಆ ಕಡೆ ಕೂತ್ಕೋ, ಬಲಗಡೆ," ಎಂದರು ಇವರು.

"ಯಾಕೆ, ಇಲ್ಲಿಂದ ನಿಮ್ಮ ಮುಖ ಕಾಣುತ್ತೆ ಅಂತಾನಾ?" ಎಂದೆ. ಜಪ್ಪಯ್ಯ ಅಂದರೂ ಕದಲಲಿಲ್ಲ.

ಮುಂದಿನ ಬೀದಿಯ ಉಬ್ಬಿನ ಮೇಲೆ ಗಾಡಿ ಹತ್ತಿ ಇಳಿದದ್ದೇ ತಡ, ದೀಪ ಹತ್ತಿತು. "ಬಂತು! ಬಂತು!" ಎಂದು ಅವಳು ಚಪ್ಪಾಳೆ ತಟ್ಟಿದಳು. ಇವರು ಪಕ್ಕಕ್ಕೆ ನಿಲ್ಲಿಸಿ ಕಾರು ಆಫ್ ಮಾಡಿ, ನನ್ನನ್ನು ಇಳಿಸಿ, ಹಿಂದಿನ ಸೀಟು ಎತ್ತಿದರು.

ಈ ಮನುಷ್ಯ ಹುಡುಕುವ ಪರಿ ನನಗೆ ಗೊತ್ತಿಲ್ಲವೇ? ಕನ್ನಡಕ ಕಾಣದಿದ್ದರೆ ಮನೆಯನ್ನೇ ತಲೆಕೆಳಗು ಮಾಡುತ್ತಾರೆ. ಇಲ್ಲಿ ಟಾರ್ಚೂ ಕೇಳಲಿಲ್ಲ. ಕೈ ನೇರವಾಗಿ ಎಡಮೂಲೆಗೆ ಹೋಗಿ ಒಂದು ಸಣ್ಣ ತಂತಿಯನ್ನು ಎಳೆಯಿತು. ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು.

"ಇಲ್ಲಿ ಯಾರಾದ್ರೂ ಕೂತ್ರೆ ಸೀಟಿನ ಕಂಬಿ ಈ ತಂತೀನ ಒತ್ತುತ್ತೆ. ಸೆನ್ಸರ್ ಕಳಿಸೋ ಲೆಕ್ಕ ನಿಂತುಹೋಗುತ್ತೆ," ಎಂದರು.

"ಅಯ್ಯೋ, ಹೌದಲ್ಲ! ಅಮ್ಮನ್ನ ಕರ್ಕೊಂಡು ಹೋದಾಗ್ಲೇ ಬರ್ತಿತ್ತು," ಎಂದಳು ಡಾಕ್ಟರು. ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನೀವು ಮೊದಲೇ ಬಂದಿದ್ರೆ ನನಗೆ ಈ ಅಲೆದಾಟ ತಪ್ಪುತ್ತಿತ್ತು. ರೋಗಿಗಳನ್ನೆಲ್ಲ ಬಿಟ್ಟು ಬರೋದು, ಸಾಕಾಗಿತ್ತು ನನಗೆ. ಇನ್ನು ಬರೋ ಹಾಗಿಲ್ಲ ಅಲ್ವಾ?"

"ಇಲ್ಲ," ಎಂದರು ಇವರು, ಸೀಟಿನ ಕಡೆಗೆ ತಿರುಗಿಕೊಂಡೇ.

ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅದು ತಿಳಿದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ತಂತಿ ಸರಿಮಾಡಿಸಿಕೊಂಡು ಅವಳು ಹೋದಳು. ಇವರು ನಲ್ಲಿಯ ಹತ್ತಿರ ಕೈಗೆ ಸೋಪು ತಿಕ್ಕುತ್ತಾ ನಿಂತಿದ್ದರು, ಎಷ್ಟು ತಿಕ್ಕಿದರೂ ಮುಗಿಯಲೊಲ್ಲದು.

"ಯಾವತ್ತು ಸಿಕ್ಕಿತ್ತು ಅದು?" ಎಂದೆ.

ಇವರು ಮತ್ತೆ ಸೋಪು ಕೈಗೆತ್ತಿಕೊಂಡರು.

"ನಿಮ್ಮನ್ನೇ ಕೇಳ್ತಿರೋದು."

"ಎರಡನೇ ಸಲ ಬಂದಾಗ. ಅವರಮ್ಮ ಹಿಂದೆ ಕೂತಿದ್ರು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ಏನೂ ಇಲ್ಲ ಕಣೇ, ನನ್ನಾಣೆ. ಏನೋ ಮಾತಾಡ್ತಿದ್ಲು, ನಾನು ಹೇಳಿದ್ದಕ್ಕೆ ನಗ್ತಿದ್ಲು. ಅಷ್ಟೇ. ಹೇಳಿದ್ರೆ ಬರಲ್ಲ ಅನ್ನಿಸ್ತು."

ಅವಳ ಕೈ ಹಿಡಿದಿದ್ದೆ ಎಂದಿದ್ದರೆ ಬೈದು, ಅತ್ತು, ರಂಪ ಮಾಡಿ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಹೋದ ವರ್ಷ ನನ್ನ ತಮ್ಮ ತನ್ನ ಹಳೇ ಕಾರು ಮಾರಲು ಹೊರಟಿದ್ದ. ಕೊಳ್ಳುವವರ ಮುಂದೆ ಬ್ಯಾಟರಿ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ ಎಂದು ಇವರನ್ನು ಬೇಡಿಕೊಂಡೆ. ಗಾಡಿಯ ವಿಷಯದಲ್ಲಿ ನನ್ನ ಬಾಯಲ್ಲಿ ಸುಳ್ಳು ಬರಲ್ಲ ಎಂದುಬಿಟ್ಟರು. ಅಂದಿನಿಂದ ತಮ್ಮ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಆದರೂ ನನ್ನ ಗಂಡನಂಥ ಸತ್ಯವಂತ ಇನ್ನೊಬ್ಬನಿಲ್ಲ ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ನಲ್ಲಿ ನಿಲ್ಲಿಸಿದೆ.

"ನನ್ನ ತಮ್ಮನಿಗೋಸ್ಕರ ಬರದೇ ಇದ್ದ ಸುಳ್ಳು ಈಗ ಎಲ್ಲಿಂದ ಬಂತು ರೀ?"

ಇವರು ಸೋಪಿನ ಕೈಯನ್ನು ಇಸ್ತ್ರಿ ಅಂಗಿಗೇ ಒರೆಸಿಕೊಂಡರು.