ಎಡಗಡೆ ಸೀಟಿನ ಕಲೆ

ನಾನು ಒಂದು ಕಾರಿನ ಸೀಟು. ಮುಂದಿನ ಎಡಗಡೆಯದು. ಹುಟ್ಟಿದ್ದು ಚಾಕುವಿನಿಂದ. ಎಮ್ಮೆಯ ಮೈಯಿಂದ ನನ್ನನ್ನು ಸುಲಿದರು, ಸುಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕೂದಲು ಕೆರೆದರು, ಪೀಪಾಯಿಗೆ ಹಾಕಿ ದಿನಗಟ್ಟಲೆ ಉರುಳಿಸಿದರು. ಆಮೇಲೆ ಕೆನೆಬಣ್ಣ ಬಳಿದು, ಸಾವಿರ ಕಡೆ ಸೂಜಿ ಚುಚ್ಚಿ ಹೊಲಿದರು. ಇಷ್ಟೆಲ್ಲ ಆದ ಮೇಲೆ ಜನ ನನ್ನನ್ನು ಮುಟ್ಟಿ ನೋಡಿ, ಎಷ್ಟು ಮೆತ್ತಗಿದೆ ಅಂದರು. ನನಗೆ ಮೈ ಉರಿಯಿತು.

ನನ್ನ ಕಾರನ್ನು ಕೊಂಡವನು ತುಮಕೂರಿನ ಅಕ್ಕಿ ಗಿರಣಿಯ ಮಾಲೀಕ ಚಂದ್ರಮೌಳಿ. ಅವನಷ್ಟು ನಾಜೂಕಾಗಿ ನನ್ನನ್ನು ಯಾರೂ ನೋಡಿಕೊಳ್ಳಲಾರರು, ಅದನ್ನು ಒಪ್ಪಲೇಬೇಕು. ಪ್ರತಿ ಭಾನುವಾರ ಹೊಲಿಗೆಯ ಸಂದಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಿದ್ದ. ಸೋಪಿನ ನೊರೆಯನ್ನಷ್ಟೇ ಹಚ್ಚಿ, ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಲು ಬಿಟ್ಟು, ಕೊನೆಗೆ ಬೆರಳ ತುದಿಯಿಂದ ಕ್ರೀಮು ತೀಡುತ್ತಿದ್ದ. "ಚರ್ಮ ಕಣ್ರೀ, ಒರಟಾಗಿ ಮುಟ್ಟಿದ್ರೆ ಹಾಳಾಗುತ್ತೆ," ಎಂದು ಪಕ್ಕದ ಮನೆಯವರಿಗೆ ಪಾಠ ಹೇಳುತ್ತಿದ್ದ.

ಅದೇ ಕೈ ಹೆಂಡತಿ ಕಾತ್ಯಾಯಿನಿಯ ಮೇಲೆ ಬೀಳುತ್ತಿತ್ತು. ಕಿಟಕಿಯ ಗಾಜು ಏರಿತೆಂದರೆ ಶುರು. ಕೆನ್ನೆಗೆ, ಕಿವಿಗೆ, ಒಮ್ಮೆ ಕೀಲಿಗೊಂಚಲಿನಿಂದ ಮೊಣಕೈಗೆ. ಅವಳ ಉಗುರುಗಳು ನನ್ನ ಅಂಚಿಗೆ ನಾಟುತ್ತಿದ್ದವು. ಭಾನುವಾರ ಆ ಗೀರು ಕಂಡರೆ ಅದಕ್ಕೂ ಒಂದು ಏಟು. ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವನ ಕ್ರೀಮನ್ನು ಹೀರಿಕೊಳ್ಳುತ್ತಿದ್ದ ನನ್ನ ಮೇಲೂ ಹೇಸಿಗೆಯಾಗುತ್ತಿತ್ತು.

ಒಮ್ಮೆ ಅವಳು ಪೊಲೀಸ್ ಠಾಣೆಗೆ ಹೋದಳು. "ಬಚ್ಚಲಲ್ಲಿ ಜಾರಿ ಬಿದ್ಲು ಸಾರ್," ಅಂದ ಇವನು. ಸಾಕ್ಷಿ ಇಲ್ಲವೆಂದು ಅವಳನ್ನು ಅವನ ಜೊತೆಗೇ ಕಳಿಸಿದರು. ಮನೆ ಸೇರುವವರೆಗೂ ಹೊಡೆದ.

ಆಮೇಲೊಂದು ಶನಿವಾರ ಮಧ್ಯಾಹ್ನ. ಅವಳು ಅಣ್ಣನಿಗೆ ಫೋನ್ ಮಾಡಿದ್ದು ಅವನಿಗೆ ಗೊತ್ತಾಗಿತ್ತು. ಗಿರಣಿಯ ಹಿಂದೆ ಕಾರು ನಿಲ್ಲಿಸಿ, ಜಡೆ ಹಿಡಿದು, ಅವಳ ಹಣೆಯನ್ನು ಡ್ಯಾಶ್‌ಬೋರ್ಡಿಗೆ ಮೂರು ಸಲ ಬಡಿದ. ಹುಬ್ಬು ಸೀಳಿತು. ರಕ್ತ ನನ್ನ ಹೊಲಿಗೆಗೆ ಇಳಿಯಿತು.

"ಅಯ್ಯೋ, ನನ್ನ ಸೀಟು!" ಎಂದು ಕಿರುಚಿದ. ಅವಳ ಹಣೆ ಅವನ ಕಣ್ಣಿಗೆ ಬೀಳಲೇ ಇಲ್ಲ.

ಮನೆಯಂಗಳಕ್ಕೆ ಬಂದ ಕೂಡಲೇ, "ಏನ್ ಹಾಕಿದ್ರೆ ಹೋಗುತ್ತೆ ಹೇಳೇ," ಅಂದ. ಬಟ್ಟೆ ಒಗೆದು ಗೊತ್ತಿಲ್ಲದ ಗಂಡಸು. ರಕ್ತಕ್ಕೆ ತಣ್ಣೀರು ಹಾಕಬೇಕು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ?

ಕಾತ್ಯಾಯಿನಿ ಸೆರಗನ್ನು ಹಣೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು.

"ಬಿಸಿನೀರು ಹಾಕಿ ರೀ. ಚೆನ್ನಾಗಿ ಕಾದಿರ್ಲಿ."

ಕುದಿಯುವ ನೀರು ತಂದು ಸುರಿದ. ನನ್ನ ಜೀವವೇ ಹೋದ ಹಾಗಾಯಿತು. ಮೈ ಸುಕ್ಕುಗಟ್ಟಿತು, ರಕ್ತ ಕಂದುಬಣ್ಣಕ್ಕೆ ತಿರುಗಿ ಹೊಲಿಗೆಯೊಳಗೇ ಕಚ್ಚಿ ಕೂತಿತು. ಅವನು ಉಜ್ಜಿ ಉಜ್ಜಿ ಸೋತು, ಮೇಲೆ ದಪ್ಪಗೆ ಕ್ರೀಮು ಮೆತ್ತಿ ಟವೆಲ್ ಹೊದಿಸಿದ.

ಮರುದಿನ ಅವಳ ಜೊತೆ ಹೊಸ ಇನ್‌ಸ್ಪೆಕ್ಟರ್ ಮೇಡಂ ಬಂದರು.

"ಬಚ್ಚಲಲ್ಲಿ ಜಾರಿ ಬಿದ್ಲು ಮೇಡಂ," ಅಂದ ಚಂದ್ರಮೌಳಿ.

"ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?"

"ಇಲ್ಲ ಮೇಡಂ. ನಿನ್ನೆ ಇಡೀ ದಿನ ಅವಳು ಕಾರೇ ಹತ್ತಿಲ್ಲ."

ಮೇಡಂ ಕಾರಿನ ಬಾಗಿಲು ತೆಗೆದು ಟವೆಲ್ ಎತ್ತಿದರು. "ಹಾಗಾದ್ರೆ ಬಚ್ಚಲಿನ ರಕ್ತ ಇಲ್ಲಿಗೆ ಹೇಗೆ ಬಂತು?"

ತಪಾಸಣೆಗೆಂದು ನನ್ನ ಮೈಯಿಂದ ಅಂಗೈಯಗಲದ ತುಂಡನ್ನು ಹೊಲಿಗೆ ಸಮೇತ ಕತ್ತರಿಸಿದರು. ಮತ್ತೆ ಚಾಕು. ಈ ಸಲ ನಾನು ಖುಷಿಯಿಂದಲೇ ಮೈಯೊಡ್ಡಿದೆ. ಆ ತುಂಡು ಕೋರ್ಟಿನಲ್ಲಿ ಮಾತಾಡಿತು. ಅವನಿಗೆ ಮೂರು ವರ್ಷ ಜೈಲಾಯಿತು.

ಠಾಣೆಯ ಅಂಗಳದಲ್ಲಿ ಕಾರು ತುಕ್ಕು ಹಿಡಿಯಿತು. ಗುಜರಿಗೆ ಹೋಗುವ ದಿನ ಕಾತ್ಯಾಯಿನಿ ಬಂದಳು. ಹುಬ್ಬಿನ ಮೇಲೆ ಬಿಳಿ ಗೆರೆಯಿತ್ತು. ನನ್ನ ತೂತಿನ ಅಂಚನ್ನು ಸವರಿ, "ನಿನ್ನೂ ಸುಟ್ಟುಬಿಟ್ಟೆ ನಾನು," ಅಂದಳು. ನನಗೆ ಬಾಯಿದ್ದಿದ್ದರೆ, ಪರವಾಗಿಲ್ಲ ಕಣಮ್ಮಾ ಅನ್ನುತ್ತಿದ್ದೆ.

ಈಗ ಗುಜರಿ ಅಂಗಡಿಯ ಮುಂದೆ ಇಟ್ಟಿಗೆಗಳ ಮೇಲೆ ಕೂತಿದ್ದೇನೆ. ಹಳೆ ವೈರುಗಳಿಂದ ತಾಮ್ರದ ತಂತಿ ಬಿಡಿಸುವ ಮುದುಕಿಯೊಬ್ಬಳು ತೂತಿಗೆ ಗೋಣಿ ಮುಚ್ಚಿ ನನ್ನ ಮೇಲೆ ಆರಾಮಾಗಿ ಕೂರುತ್ತಾಳೆ. ಬಿಸಿಲಿಗೆ ಮೈ ಬಿರಿದಿದೆ. ಕ್ರೀಮು ಹಚ್ಚುವವರು ಯಾರೂ ಇಲ್ಲ. ಹಚ್ಚುವುದೂ ಬೇಡ.