ಒಂದು ಸಲ ಲಿವರ್ ಎಳೆದರೆ ಖಾಲಿಯಾಗಲ್ಲ

ಮಧುರೆ ಹೋಬಳಿಯ ಆ ಹಳ್ಳಿಯಲ್ಲಿ ರಾಗಿ ತೆನೆ ಕಟ್ಟಿತೆಂದರೆ ಕಾಡುಹಂದಿ ಕಾಟ. ಬೆಳೆ ಕಾಯೋಕೆ ಅಂತ ಚಿಕ್ಕವೆಂಕಟಪ್ಪನ ಮನೆಯಲ್ಲಿ ಅಪ್ಪನ ಕಾಲದ ಲೈಸೆನ್ಸ್ ಬಂದೂಕಿತ್ತು. ಕೆಳಗಿನ ಹಿಡಿಯನ್ನು, ಅಂದರೆ ಲಿವರನ್ನು, ಎಳೆದು ಮತ್ತೆ ಒತ್ತಿದರೆ ಗುಂಡು ನಳಿಗೆಗೆ ಏರುವಂಥದ್ದು. ಚುನಾವಣೆ ಬಂತು. ಅದು ಮುಗಿಯುವ ತನಕ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂಬ ನೋಟಿಸ್ ಹಿಡಿದು ಹೆಡ್ ಕಾನ್‌ಸ್ಟೆಬಲ್ ಶಶಿರೇಖಾ ಬೆಳಗ್ಗೆಯೇ ಮನೆಗೆ ಬಂದರು.

ಚಿಕ್ಕವೆಂಕಟಪ್ಪ ಬಂದೂಕನ್ನು ಬೀರುವಿನಿಂದ ಜಗಲಿಗೆ ತಂದ. ಗುಂಡು ತೆಗೆದಿದ್ದೀರಾ ಅಂತ ಶಶಿರೇಖಾ ಕೇಳಿದ್ದಕ್ಕೆ ಅವನಿಗೆ ರೇಗಿತು. ನಲವತ್ತು ವರ್ಷ ಬಂದೂಕು ಹಿಡಿದವನಿಗೆ ಈ ಹೆಣ್ಣುಮಗಳು ಪಾಠ ಹೇಳೋದೇ ಅನ್ನಿಸಿತು. ಲಿವರನ್ನು ಒಮ್ಮೆ ಕೆಳಕ್ಕೆಳೆದು ಮೇಲಕ್ಕೆ ಒತ್ತಿದ. ಏನೂ ಉದುರಲಿಲ್ಲ.

"ನೋಡಿದ್ರಾ? ಖಾಲಿ. ಬೇಕಾದ್ರೆ ಟ್ರಿಗರ್ ಎಳ್ದೇ ತೋರಿಸ್ತೀನಿ," ಅಂತ ಅವರ ಕಡೆ ತಿರುಗಿದ. ಜೊತೆಗೆ ನಳಿಗೆಯೂ ತಿರುಗಿತು, ಬಾಗಿಲಿನ ಕಡೆಗೆ. ಒಳಗೆ ನಡುಮನೆಯಲ್ಲಿ ಸೊಸೆ ಯಶಸ್ವಿನಿ ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು.

"ಯಜಮಾನ್ರೇ, ಬೆರಳು ಆಚೆ ತೆಗೀರಿ. ನಳಿಗೆ ಅಂಗಳದ ಆ ಮಣ್ಣುಗುಡ್ಡೆ ಕಡೆ ಮಾಡಿ."

ಶಶಿರೇಖಾ ದನಿ ಏರಿಸಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ಹೇಳಿದಂತೆ ಮಾಡಿದ. ಹೆಂಡತಿ ಮುನಿರತ್ನಮ್ಮ ಸೊಸೆಯನ್ನೂ ಕೂಸನ್ನೂ ಹಿತ್ತಲಿಗೆ ಕರೆದೊಯ್ದಳು.

"ಈಗ ಇನ್ನೊಂದ್ಸಲ ಲಿವರ್ ಎಳೀರಿ."

ಹಿತ್ತಾಳೆಯ ಗುಂಡೊಂದು ಟಣ್ಣನೆ ಜಗಲಿ ಕಲ್ಲಿನ ಮೇಲೆ ಬಿತ್ತು. ಮತ್ತೆ ಎಳೆದ. ಇನ್ನೊಂದು ಬಿತ್ತು. ಮತ್ತೊಮ್ಮೆ ಎಳೆದಾಗ ಏನೂ ಬೀಳಲಿಲ್ಲ.

ನಳಿಗೆಯ ಕೆಳಗಿನ ಕೊಳವೆಯಲ್ಲಿ ಗುಂಡು ಉಳಿದಿತ್ತು, ಮೊದಲ ಸಲ ಎಳೆದಾಗ ಅದು ಆಚೆ ಬೀಳದೆ ಒಳಗೇ ಏರಿ ಕೂತಿತ್ತು ಅಂತ ಶಶಿರೇಖಾ ಬಿಡಿಸಿ ಹೇಳಿದರು. ಎಲ್ಲಾ ಉದುರುವ ತನಕ ಎಳೆಯಬೇಕು. ಆಮೇಲೆ ಲಿವರ್ ತೆರೆದೇ ಬಿಟ್ಟು, ಗುಂಡು ಕೂರುವ ಜಾಗವನ್ನೂ ಕೊಳವೆಯನ್ನೂ ಕಣ್ಣಾರೆ ನೋಡಿ, ಬೆರಳಿಟ್ಟು ಮುಟ್ಟಬೇಕು. ಚಿಕ್ಕವೆಂಕಟಪ್ಪ ನೋಡಿದ, ಮುಟ್ಟಿದ, ಬಂದೂಕನ್ನು ಕೆಳಗಿಟ್ಟು ಕೂತುಬಿಟ್ಟ.

"ಟ್ರಿಗರ್ ಎಳ್ದೇ ಬಿಡ್ತಿದ್ದೆ ಕಣಮ್ಮಾ," ಅಂದ.

ಹಿತ್ತಲಿಂದ ಬಂದ ಮುನಿರತ್ನಮ್ಮ ಒಂದೇ ಮಾತು ಹೇಳಿದಳು: "ಬಂದೂಕು ವಾಪಸ್ ಬರೋದ್ರೊಳ್ಗೆ ಗುಂಡಿಗೆ ಬೇರೆ ಪೆಟ್ಗೆ, ಬೇರೆ ಬೀಗ ಆಗ್ಬೇಕು." ಅವನು ಅವತ್ತೇ ಬಂದೂಕನ್ನು ಠಾಣೆಗೆ ಒಪ್ಪಿಸಿ, ದೊಡ್ಡಬಳ್ಳಾಪುರಕ್ಕೆ ಹೋಗಿ ಎರಡನ್ನೂ ತಂದ.

ಬಂದೂಕು ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಖಾಲಿ ಅಂತ ಹೇಳಿದ್ದು ಯಾರು? ಬರೀ ನಿಮ್ಮ ನೆನಪು ಹೇಳಿದ್ದಾದರೆ ನಂಬಬೇಡಿ. ಮುಟ್ಟಿದಾಗಲೆಲ್ಲ ಗುಂಡಿದೆ ಅಂತಲೇ ಹಿಡಿಯಿರಿ. ನಳಿಗೆ ಮನುಷ್ಯರ ಕಡೆ ಬೇಡ, ಟ್ರಿಗರ್ ಮೇಲೆ ಬೆರಳು ಬೇಡ. ತೆರೆದು ನೋಡಿ, ನೋಡಿದ ಮೇಲೂ ಇನ್ನೊಮ್ಮೆ ನೋಡಿ. ತಿಳಿಯದಿದ್ದರೆ ಕೈ ಹಾಕದೆ ತಿಳಿದವರನ್ನು ಕೇಳಿ. ಕೇಳೋದರಲ್ಲಿ ನಾಚಿಕೆಯೇನೂ ಇಲ್ಲ.