ಪೂರ್ಣವಿರಾಮದ ತೂತುಗಳು

ನಾನು ಒಂದು ಕನ್ನಡ ಟೈಪ್‌ರೈಟರ್. ನನ್ನ ಗಾಜಿನ ಪೆಟ್ಟಿಗೆಯ ಮೇಲೆ ಸ್ಮಾರಕದವರು ಹಾಕಿರುವ ಫಲಕವನ್ನು ಮಾತ್ರ ನಂಬಬೇಡಿ. ಅದು ಶುದ್ಧ ಸುಳ್ಳು.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಉಕ್ಕಿನ ಕಡ್ಡಿಗಳ ತುದಿಗೆ ಅಕ್ಷರಗಳನ್ನು ಬೆಸೆದರು. ಧಾರವಾಡಕ್ಕೆ ಬಂದು ನಾನು ಸೇರಿದ್ದು ಶಿವಗಂಗಾ ಮಮದಾಪುರ ಎಂಬ ಹೆಂಗಸಿನ ಕೈಗೆ. ಅವಳ ಗಂಡ ಸಿಪಾಯಿ, ಅರವತ್ತೈದರ ಯುದ್ಧದಲ್ಲಿ ಸತ್ತಿದ್ದ. ಪಿಂಚಣಿ ಅರ್ಜಿ ಮೂರು ಸಲ ತಿರುಗಿ ಬಂದಾಗ ಹಟ ಹಿಡಿದು ಟೈಪಿಂಗ್ ಕಲಿತಳು. ಕೋರ್ಟಿನ ಎದುರು ಮೇಜು ಹಾಕಿದಳು. ಸುತ್ತಲಿನ ಊರುಗಳ ಸಿಪಾಯಿಗಳ ಹೆಂಡಂದಿರೆಲ್ಲ ಅರ್ಜಿ ಬರೆಸಲು ಅವಳ ಹತ್ತಿರವೇ ಬರುತ್ತಿದ್ದರು.

ಕಥೆಗಾರರೂ ಬರುತ್ತಿದ್ದರು. ನವ್ಯದ ಕಾಲ ಅದು. ಯುದ್ಧದ ಕಥೆ ಎಷ್ಟು ಟೈಪ್ ಮಾಡಿದೆನೋ! ಒಂದರಲ್ಲಾದರೂ ಹೆಂಗಸಿಗೆ ಕೆಲಸ ಇರಬೇಡವೇ? ಕಿಟಕಿಯ ಬಳಿ ಕೂದಲು ಬಿಚ್ಚಿ ನಿಂತಿರುತ್ತಿದ್ದಳು, ಇಲ್ಲವೇ ಹಾಸಿಗೆಯಲ್ಲಿರುತ್ತಿದ್ದಳು. ಯುದ್ಧದಲ್ಲಿ ಸತ್ತವನು ಅವಳ ಗಂಡ, ಸಂಕಟವೆಲ್ಲ ಅವಳನ್ನು ನೋಡುತ್ತ ಸಿಗರೇಟು ಸೇದುವ ನಾಯಕನದು!

ಒಂದು ದಿನ ಕಾದಂಬರಿ ಬರೆಯುತ್ತಿದ್ದ ಪ್ರೊಫೆಸರ್ ಜಮಖಂಡಿ ಬಂದು, ಗಂಡ ಸತ್ತ ಸುದ್ದಿ ಬಂದ ದಿನ ಏನಾಯಿತೆಂದು ಶಿವಗಂಗಾಳನ್ನು ಕೇಳಿದರು.

"ತಂತಿ ಬಂದಾಗ ರೊಟ್ಟಿ ಬಡಿಯಾಕತ್ತಿದ್ನಿರಿ," ಎಂದಳು. "ನಾಕು ರೊಟ್ಟಿ ಹಿಟ್ಟು ಉಳಿದಿತ್ತು. ಬಡದು ಮುಗಿಸಿದೆ. ನಮ್ಮ ಅತ್ತೀಗೂ ಮಗಳಿಗೂ ಉಣ್ಣಾಕ ಹಾಕಿ ಆಮ್ಯಾಲೆ ಹೇಳಿದೆ. ಮೊದಲ ಹೇಳಿದ್ರ ಯಾರು ಉಣ್ತಿದ್ರು?"

ಪ್ರೊಫೆಸರ್ ಬರೆದುಕೊಂಡು ಹೋದರು.

ವರ್ಷದ ಮೇಲೆ ಅವರ ಕಾದಂಬರಿಯ ಹಸ್ತಪ್ರತಿ ನಮ್ಮ ಮೇಜಿಗೆ ಬಂತು. ಅದರಲ್ಲೊಬ್ಬ ಸಿಪಾಯಿಯ ಹೆಂಡತಿ. ಹೆಸರಿಲ್ಲ, ಬರೀ 'ಅವಳು'. ತಂತಿ ಓದಿ ಹುಚ್ಚಿಯ ಹಾಗೆ ರೊಟ್ಟಿ ಬಡಿಯುತ್ತಾಳೆ, ನಾಯಕನ ಕೋಣೆಗೆ ಹೋಗುತ್ತಾಳೆ, ಕೊನೆಗೆ ಬಾವಿಗೆ ಹಾರುತ್ತಾಳೆ. ಅದನ್ನು ನೋಡಿ ನಾಯಕನಿಗೆ ಬದುಕಿನ ಅರ್ಥ ಹೊಳೆಯುತ್ತದೆ. ಥೂ!

ಶಿವಗಂಗಾ ಕೊನೆಯ ಪುಟ ಟೈಪ್ ಮಾಡದೆ ಪ್ರೊಫೆಸರ್‌ಗೆ ಹೇಳಿ ಕಳಿಸಿ ಕರೆಸಿದಳು.

"ಸರ, ಆಕಿನ್ನ ಬಾವಿಗೆ ಹಾಕಬ್ಯಾಡ್ರಿ. ರೊಟ್ಟಿ ನಂದಂತ ಊರಿಗೇ ಗೊತ್ತೈತಿ. ನಾಳೆ ನನ್ನ ಮಗಳು ಇದನ್ನ ಓದ್ತಾಳ್ರಿ."

"ಅದು ನೀವಲ್ರೀ ಬಾಯಾರ, ಪ್ರತೀಕ ಅದು," ಎಂದು ಅವರು ನಕ್ಕರು. "ಯುದ್ಧದ ಶೂನ್ಯವೇ ಹೆಣ್ಣಾಗಿ ಬಂದದ."

"ಶೂನ್ಯಕ್ಕ ನನ್ನ ರೊಟ್ಟಿ ಯಾಕ ಬೇಕಾಗಿತ್ರಿ?"

ಅವರು ಗಡಿಯಾರ ನೋಡಿಕೊಂಡರು. ಸಂಜೆಯೊಳಗೆ ಪ್ರತಿ ಬೇಕೆಂದು ಹೇಳಿ ಹೋದರು.

ಟೈಪಿಸ್ಟ್ ಆದವರು ಒಂದಕ್ಷರವನ್ನೂ ತಿದ್ದಬಾರದು. ಅರ್ಜಿಯಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆಂದು ಕಂಡವಳಾದ್ದರಿಂದ ಆ ನಿಯಮವನ್ನು ಅವಳು ಎಂದೂ ಮುರಿದವಳಲ್ಲ. ಆವತ್ತೂ ಮುರಿಯಲಿಲ್ಲ. ಆದರೆ ಆ ಕೊನೆಯ ಪುಟದ ಪ್ರತಿ ವಾಕ್ಯದ ಕೊನೆಗೆ ಪೂರ್ಣವಿರಾಮದ ಕೀಲಿಯನ್ನು ಹೇಗೆ ಕುಟ್ಟಿದಳೆಂದರೆ, ಹಾಳೆ ತೂತಾಗಿ, ಅಡಿಯ ಕಾರ್ಬನ್ನೂ ತೂತಾಗಿ, ಪೆಟ್ಟು ನನ್ನ ರಬ್ಬರ್ ಉರುಳೆಗೆ ಬಿತ್ತು. ಆ ಗುರುತುಗಳು ಇನ್ನೂ ಇವೆ.

ಕಾದಂಬರಿಗೆ ಬಹುಮಾನ ಬಂತು. ಕಾಲೇಜಿಗೆ ಪಠ್ಯವಾಯಿತು. ಮಗಳು ಮಹಾನಂದಾ ಒಂದು ಮಧ್ಯಾಹ್ನ ತರಗತಿಯಿಂದ ನೇರ ನಮ್ಮ ಮೇಜಿಗೆ ಬಂದು ಅತ್ತಳು.

"ಆಕಿ ನಮ್ಮವ್ವ, ಬಾವಿಗೆ ಬಿದ್ದಿಲ್ಲ, ಕೋರ್ಟಿನ ಮುಂದ ಕುಂತಾಳ ಅಂದೆ. ಎಲ್ಲಾರೂ ನಕ್ರವ್ವಾ. ನಾಯಕನ ಕೋಣಿ ಎಲ್ಲೈತಿ ಅಂತ ಕೇಳಿದ್ರು."

ಶಿವಗಂಗಾ ಮಗಳ ತಲೆ ಸವರಿದಳು. ಸರದಿಯಲ್ಲಿ ಕಾದಿದ್ದ ಹೆಂಗಸಿನ ಅರ್ಜಿಯನ್ನು ನನಗೆ ತೊಡಿಸಿದಳು. 

ಕಾಲ ಸರಿದು ಪ್ರೊಫೆಸರ್ ತೀರಿದರು. ಆಮೇಲೆ ಶಿವಗಂಗಾಳೂ ಹೋದಳು. ಪ್ರೊಫೆಸರರ ಸ್ಮಾರಕಕ್ಕೆಂದು ನನ್ನನ್ನು ಕೇಳಿ ಬಂದವರಿಗೆ ಮಹಾನಂದಾ, ಅವ್ವನ ಹೆಸರು ಬರೆಯುವುದಾದರೆ ಮಾತ್ರ ಎಂದು ಕೊಟ್ಟಳು. ಅವರು ಹೂಂ ಎಂದರು. ಫಲಕದಲ್ಲಿ ಬರೆದದ್ದು 'ಲೇಖಕರು ಬಳಸಿದ ಯಂತ್ರ' ಎಂದು. ಆ ಪ್ರೊಫೆಸರ್ ನನ್ನ ಒಂದು ಕೀಲಿಯನ್ನೂ ಮುಟ್ಟಿದವರಲ್ಲ!

ನನ್ನ ಪಕ್ಕದಲ್ಲೇ ಆ ಕೊನೆಯ ಪುಟ ಇಟ್ಟಿದ್ದಾರೆ. ಕಾವಲುಗಾರ ಬಂದವರಿಗೆಲ್ಲ ತೂತುಗಳನ್ನು ತೋರಿಸಿ, "ನೋಡ್ರಿ, ಸರ್ ಎಷ್ಟು ಆವೇಶದಾಗ ಬರೀತಿದ್ರು!" ಎನ್ನುತ್ತಾನೆ. ರೊಟ್ಟಿ ತೆಗೆದುಕೊಂಡಿರಿ, ಸರಿ. ಅವಳ ಸಿಟ್ಟನ್ನೂ ಬಿಡಲಿಲ್ಲವಲ್ಲ!

ಹೋದ ತಿಂಗಳು ಮಹಾನಂದಾ ಬಂದಳು. ತಲೆ ನರೆತಿದೆ. ಕಾವಲುಗಾರನ ಮಾತು ಪೂರ್ತಿ ಕೇಳಿ, "ಅದು ನಮ್ಮವ್ವನ ಸಿಟ್ಟಪಾ," ಎಂದಳು. ಚೀಲದಿಂದ ಒಂದು ಚೀಟಿ ತೆಗೆದು ಗಾಜಿಗೆ ಅಂಟಿಸಿದಳು: 'ಶಿವಗಂಗಾ ಮಮದಾಪುರ, ಟೈಪಿಸ್ಟ್. ಬಾವಿಗೆ ಬೀಳಲಿಲ್ಲ.'

ಮರುದಿನ ಅದನ್ನು ಕೆರೆದು ತೆಗೆದರು. ವಾರದ ಮೇಲೆ ಬಂದು ಇನ್ನೊಂದು ಅಂಟಿಸಿದಳು. ಅದನ್ನೂ ತೆಗೆದರು. ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದಳು. ಅವಳ ಚೀಲದಲ್ಲಿ ಇನ್ನೂ ಒಂದು ಕಟ್ಟು ಚೀಟಿ ಇರುವುದನ್ನು ನಾನು ನೋಡಿದ್ದೇನೆ.